ಬದಲಿಗೆಂದು ಕಟ್ಟಿದ ಉಪಗ್ರಹ

ಕರ್ನಲ್ ಸೈನ್ಯ ಸೇರಿದ್ದು ಸಿಗ್ನಲ್ ವಿಭಾಗಕ್ಕೆ. ನಲವತ್ತನೆಯ ವಯಸ್ಸಿನಲ್ಲಿ ಅವರನ್ನು ಎರಡು ವರ್ಷದ ಮಟ್ಟಿಗೆಂದು ಉಪಗ್ರಹ ಕಟ್ಟುವ ಕೇಂದ್ರಕ್ಕೆ ಕಳಿಸಿದರು. ಹೋದವರು ಅಲ್ಲೇ ಬೇರುಬಿಟ್ಟರು.

ಆ ಕೇಂದ್ರದಲ್ಲಿ ಉಪಗ್ರಹಗಳನ್ನು ಜೋಡಿಯಾಗಿ ಕಟ್ಟುತ್ತಿದ್ದರು. ಮೊದಲನೆಯದು ಹಾರುತ್ತದೆ, ಅದು ಕೈಕೊಟ್ಟರೆ ಎರಡನೆಯದು. ಕರ್ನಲ್ ಕಟ್ಟಿದ್ದು ಎರಡನೆಯದನ್ನು. ಮೊದಲನೆಯದು ಒಂದು ದಿನವೂ ಮುನಿಸಿಕೊಳ್ಳದೆ ಒಂಬತ್ತು ವರ್ಷ ದುಡಿಯಿತು. ಅಷ್ಟೂ ವರ್ಷ ಕರ್ನಲ್ ಬಿಳಿ ನಿಲುವಂಗಿ ತೊಟ್ಟು, ದೂಳಿಲ್ಲದ ಕೋಣೆಯಲ್ಲಿ, ತಮ್ಮ ಉಪಗ್ರಹದ ದಿಕ್ಕು ಹಿಡಿಯುವ ಚಕ್ರ ತಿರುಗಿಸಿ ನೋಡುತ್ತಾ, ಬ್ಯಾಟರಿಯನ್ನು ತಂಪಾಗಿ ಕಾಪಾಡುತ್ತಾ ಕಾದರು. ಎರಡು ಸಲ ಬಡ್ತಿ ಬಂತು, ಜೊತೆಗೆ ವರ್ಗಾವಣೆಯೂ. ಎರಡು ಸಲವೂ ಬೇಡವೆಂದರು.

ಹೆಂಡತಿಯ ತಮ್ಮ ಬಂದಾಗಲೆಲ್ಲ ಕೇಳುತ್ತಿದ್ದ: "ಏನ್ ಭಾವ, ನಿಮ್ಮ ಸ್ಟೆಪ್ನಿಗೆ ಗಾಳಿ ಹಾಕಿಸಿದ್ರಾ?"

"ನೀನು ಬಾಯಿ ಮುಚ್ಕೊಂಡು ಊಟ ಮಾಡೋ," ಎಂದು ಅಕ್ಕನೇ ಗದರುತ್ತಿದ್ದಳು.

ನಿವೃತ್ತಿಗೆ ಏಳು ತಿಂಗಳಿರುವಾಗ ಮೊದಲನೆಯದರ ಇಂಧನ ಮುಗಿಯಿತು. ಎರಡನೆಯದನ್ನು ಸಿದ್ಧಮಾಡಿ ಎಂದು ಆದೇಶ ಬಂತು. ಎಲ್ಲವೂ ಸರಿಯಿತ್ತು, ಬ್ಯಾಟರಿಯೊಂದನ್ನು ಬಿಟ್ಟು. ಅದು ಹಿಡಿದಿಡುವ ವಿದ್ಯುತ್ತು ಕನಿಷ್ಠ ಮಿತಿಗಿಂತ ಶೇಕಡಾ ಎರಡು ಕಡಿಮೆ. ಆ ಬಗೆಯ ಬ್ಯಾಟರಿ ಮಾಡುವುದನ್ನು ಕಾರ್ಖಾನೆ ಎಂದೋ ನಿಲ್ಲಿಸಿತ್ತು.

ಕೇಂದ್ರದ ಮುಖ್ಯಸ್ಥ ಬ್ರಿಗೇಡಿಯರ್ ಕರೆಸಿದರು. "ಎರಡೇ ಅಲ್ವೇನ್ರೀ? ಇನ್ನೊಂದ್ಸಲ ಅಳೀರಿ."

"ಆರು ಸಲ ಅಳೆದೆ ಸಾರ್."

"ಏಳನೇ ಸಲ ಅಳೀರಿ. ಹಾರದಿದ್ರೆ ಅಳೋರು ನೀವೇ, ನಾನಲ್ಲ."

ಏಳನೆಯ ಸಲ ಇನ್ನೂ ಸ್ವಲ್ಪ ಕಡಿಮೆಯೇ ಬಂತು. ಕರ್ನಲ್ ಅದನ್ನೇ ಬರೆದು ಸಹಿ ಹಾಕಿದರು. ಭೂಮಿಯ ನೆರಳಿಗೆ ಹೋದಾಗಲೆಲ್ಲ ಉಪಗ್ರಹ ಬದುಕುವುದು ಬ್ಯಾಟರಿಯ ಮೇಲೆ. ಅದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

"ಎಷ್ಟು ಅಂತ ಬರೆದ್ರಿ?" ಹೆಂಡತಿ ಕೇಳಿದಳು.

"ಬಂದಷ್ಟು."

"ಹಾಗಾದ್ರೆ ಹಾರಲ್ಲ."

"ಹಾರಲ್ಲ."

"ಬಡ್ತಿ ಬಿಟ್ಟಾಗಲೂ ನನ್ನನ್ನ ಕೇಳಲಿಲ್ಲ. ಈಗ ಮಾತ್ರ ಯಾಕೆ ಕೇಳ್ತೀರಿ?"

"ಕೇಳ್ತಿಲ್ಲ. ಹೇಳ್ತಿದ್ದೀನಿ."

ಅವಳು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮೊದಲನೆಯದು ಮಾಡುತ್ತಿದ್ದ ಕೆಲಸ ಹೊಸ ತಂತ್ರಜ್ಞಾನ ವಿಭಾಗದ ಪಾಲಾಯಿತು. ಅವರದು ಚಪ್ಪಲಿ ಪೆಟ್ಟಿಗೆಯಷ್ಟು ಪುಟ್ಟ ಇಪ್ಪತ್ತು ಉಪಗ್ರಹಗಳು. ಒಂದೆರಡು ಕೆಟ್ಟರೆ ಕೆಡಲಿ ಎಂಬ ಲೆಕ್ಕ. ಕರ್ನಲರ ಉಪಗ್ರಹದ ಉಪಕರಣಗಳು ಪರೀಕ್ಷೆಗೆಂದು ಅವರಿಗೆ ಬೇಕಾದವು. ಯಾವ ಸ್ಕ್ರೂ ಮೊದಲು, ಯಾವುದು ಆಮೇಲೆ ಎಂದು ತಿಳಿದವರು ಕರ್ನಲ್ ಒಬ್ಬರೇ ಆದ್ದರಿಂದ ಬಿಚ್ಚುವ ಕೆಲಸವನ್ನೂ ಅವರಿಗೇ ಒಪ್ಪಿಸಿದರು. ಹತ್ತೊಂಬತ್ತು ದಿನ ಹಿಡಿಯಿತು. ಒಂದು ತಂತಿಯೂ ತುಂಡಾಗಲಿಲ್ಲ.

ಕೊನೆಗೆ ಉಳಿದ ಚೌಕಟ್ಟಿಗೆ ಚೀಟಿ ಅಂಟಿಸಲು ಉಗ್ರಾಣದವನು ಬಂದ.

"ಏನಂತ ಬರೀಲಿ ಸಾರ್?"

"ಅಲ್ಯೂಮಿನಿಯಂ. ಬಳಸಿಲ್ಲ."

ನಿವೃತ್ತಿಗೆ ಇನ್ನೂ ನಾಲ್ಕು ತಿಂಗಳಿತ್ತು. ಮರುದಿನವೂ ಕರ್ನಲ್ ಎಂಟು ಗಂಟೆಗೇ ಬಂದರು. ದೂಳಿಲ್ಲದ ಆ ಕೋಣೆಗೆ ಹೊಸ ವಿಭಾಗದವರು ಬೇರೆ ಬೀಗ ಹಾಕಿದ್ದರು.