ಮಧ್ಯಾಹ್ನ ಬಂದ ಫೋನು

ನಾನು ಸುಲಭಕ್ಕೆ ಯಾರನ್ನೂ ಹೊಗಳುವವನಲ್ಲ. ಬೇಕಿದ್ದರೆ ನನ್ನ ಹೆಂಡತಿ ರಾಜೀವಿಯನ್ನು ಕೇಳಿ, ಮದುವೆಯಾದಂದಿನಿಂದ ಒಂದು ಒಳ್ಳೆಯ ಮಾತಿಗೆ ಕಾಯುತ್ತಿದ್ದಾಳಂತೆ. ದುಬೈನ ಅಲ್ ಕೂಜ್‌ನ ಕೇಟರಿಂಗ್ ಕಂಪನಿಯೊಂದರಲ್ಲಿ ಸ್ಟೋರ್‌ಕೀಪರ್ ಆದವನಿಗೆ ಅನುಮಾನ ಪಡುವುದೇ ಉದ್ಯೋಗ. ಈರುಳ್ಳಿ ಕೊಳೆತಿದೆಯೆ, ಎಣ್ಣೆ ಡಬ್ಬ ಸೋರಿದೆಯೆ, ಡ್ರೈವರ್ ಬಂಡಲ್ ಬಿಡುತ್ತಿದ್ದಾನೆಯೆ ಎಂದು ನೋಡುತ್ತಾ ನೋಡುತ್ತಾ ಬಾಯಿ ಕಹಿಯಾಗಿಬಿಡುತ್ತದೆ. ಅಂಥ ನಾನು, ಈ ಮೋಹನದಾಸ್, ಒಬ್ಬ ಹೆಂಗಸನ್ನು ಹೊಗಳಲು ಹೊರಟಿದ್ದೇನೆ. ಆಕೆ ತಪ್ಪೇ ಮಾಡದವಳು ಎಂದು ಹೊಗಳುತ್ತಿಲ್ಲ. ತಪ್ಪು ಮಾಡಿದಳು, ಸಣ್ಣದೇನೂ ಅಲ್ಲ.

ಲವಿಟಾ ಸಾಲಿನ್ಸ್ ನಮ್ಮ ಕಂಪನಿಯ ಕೆಲಸಗಾರರ ಕ್ಯಾಂಪ್ ಆಫೀಸ್ ನೋಡಿಕೊಳ್ಳುವವಳು. ಮೂಲ್ಕಿ ಕಡೆಯ ಪ್ರೊಟೆಸ್ಟೆಂಟ್ ಕ್ರೈಸ್ತರು. ಗಂಡ ತೀರಿಕೊಂಡ ಮೇಲೆ ಮಗಳನ್ನು ತಾಯಿಯ ಬಳಿ ಬಿಟ್ಟು ದುಬೈಗೆ ಬಂದು, ಆ ಮಗಳನ್ನು ಓದಿಸಿ ಕೆಲಸಕ್ಕೆ ಸೇರಿಸಿದಳು. ಹುಡುಗರ ವೀಸಾ, ರಜೆ, ಟಿಕೆಟ್, ಊರಿನಿಂದ ಆಫೀಸಿಗೆ ಬರುವ ಫೋನು, ಎಲ್ಲವೂ ಅವಳದ್ದೇ. ಯಾರ ಹೆಂಡತಿಗೆ ಹೆರಿಗೆ ಹತ್ತಿರವಾಗಿದೆ, ಯಾರ ತಂಗಿಗೆ ಗಂಡು ಸಿಕ್ಕಿಲ್ಲ ಎಂಬುದೆಲ್ಲ ಅವಳ ಬಾಯಲ್ಲಿ. ನೇಪಾಳದ ಹುಡುಗನೂ ಅವಳನ್ನು ಅಕ್ಕ ಎನ್ನುತ್ತಾನೆ.

ಅವಳನ್ನು ಎಲ್ಲರಿಗಿಂತ ಹೆಚ್ಚು ನಂಬಿದವನು ಮೊಯ್ದಿನಬ್ಬ. ಉಪ್ಪಿನಂಗಡಿಯ ಬ್ಯಾರಿ ಮುಸಲ್ಮಾನ, ನಮ್ಮ ಅಡುಗೆಮನೆಯ ಹಿರಿಯ ಬಾಣಸಿಗ. ಇಡೀ ಕ್ಯಾಂಪಿಗೆ ಬಡಿಸುವ ಮೊದಲು ಒಂದು ತಟ್ಟೆ ಹಾಕಿ ಮುಚ್ಚಿ ಲವಿಟಾಳ ಮೇಜಿಗೆ ಕಳಿಸುತ್ತಿದ್ದ. ತಾನು ಉಪವಾಸ ಇದ್ದರೂ ತಟ್ಟೆ ತಪ್ಪುತ್ತಿರಲಿಲ್ಲ. ಸ್ಟೋರ್‌ಕೀಪರ್‌ಗೆ ಎಂದಾದರೂ ಬಂತೇ? ಇಲ್ಲ, ಬಿಡಿ.

ಹೋದ ವರ್ಷದ ರಂಜಾನ್‌ನಲ್ಲಿ ದೊಡ್ಡದೊಂದು ಇಫ್ತಾರ್ ಆರ್ಡರ್ ಬಂತು. ಅಡುಗೆಮನೆಯಲ್ಲಿ ಹಂಡೆ ಇಡಲು ಜಾಗವಿರಲಿಲ್ಲ. ಆ ವಾರವೇ ಮೊಯ್ದಿನಬ್ಬನ ಮೊಬೈಲ್ ಬೇಳೆಯ ಹಂಡೆಗೆ ಬಿದ್ದು ಕೆಟ್ಟುಹೋಗಿತ್ತು. ಹಾಗಾಗಿ ಊರಿನಿಂದ ಅವನ ಅಣ್ಣನ ಫೋನು ಆಫೀಸಿಗೆ ಬಂತು. ಹೊತ್ತು ಮಧ್ಯಾಹ್ನ. "ಉಮ್ಮನಿಗೆ ತುಂಬಾ ಹುಷಾರಿಲ್ಲ, ತಮ್ಮನನ್ನು ಈಗಲೇ ಕಳಿಸಿ" ಎಂದ. ಕಳಿಸುತ್ತೇನೆ ಎಂದಳು ಲವಿಟಾ.

ಇಲ್ಲಿ ಗಲ್ಫಿನ ಒಂದು ಪದ್ಧತಿ ಹೇಳಬೇಕು. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಇಲ್ಲಿರುವ ಮಗನಿಗೆ ಯಾರೂ ನೇರವಾಗಿ ಹೇಳುವುದಿಲ್ಲ. ಹುಷಾರಿಲ್ಲ, ಬೇಗ ಬಾ ಎನ್ನುತ್ತಾರೆ. ಪಾಪ, ವಿಮಾನದಲ್ಲಿ ಒಬ್ಬನೇ ಅಳುವುದು ಬೇಡ ಎಂದು. ನಾವೆಲ್ಲ ಈ ಸುಳ್ಳನ್ನು ಕೇಳಿದವರು, ಹೇಳಿದವರು. ಲವಿಟಾ ಕೂಡ ಹಾಗೆಯೇ ಲೆಕ್ಕ ಹಾಕಿದಳು. ಇವನ ತಾಯಿ ತೀರಿಕೊಂಡಾಗಿದೆ, ಅಣ್ಣ ಮುಚ್ಚಿಡುತ್ತಿದ್ದಾನೆ. ಮುಸಲ್ಮಾನರಲ್ಲಿ ದಫನಕ್ಕೆ ತಡ ಮಾಡುವುದಿಲ್ಲ, ಈಗ ಹೊರಟರೂ ಇವನಿಗೆ ಮುಖ ನೋಡಲು ಸಿಗುವುದಿಲ್ಲ. ಹಾಗಿದ್ದ ಮೇಲೆ ಆರ್ಡರ್ ಮುಗಿಸಲಿ, ಸಂಜೆ ಉಪವಾಸದ ನೋಂಬು ಬಿಡಲಿ, ಆಮೇಲೆ ಹೇಳಿದರಾಯಿತು.

ಹಾಗೆಯೇ ಮಾಡಿದಳು. ಮಧ್ಯಾಹ್ನದ ಮೇಲೆ ಮಂಗಳೂರಿಗೆ ಹೋಗುವ ವಿಮಾನ ಹೋಯಿತು. ಸಂಜೆ ಹಂಡೆಗಳೆಲ್ಲ ಖಾಲಿಯಾದ ಮೇಲೆ ಅವನ ಬಳಿ ಹೋಗಿ, "ಈಗಷ್ಟೇ ಫೋನ್ ಬಂತು, ಉಮ್ಮನಿಗೆ ಹುಷಾರಿಲ್ಲವಂತೆ" ಎಂದಳು. ಟಿಕೆಟ್ ತೆಗೆದಳು, ಬಟ್ಟೆ ತುಂಬಲು ನೆರವಾದಳು, ಬೆಳಗ್ಗಿನ ವಿಮಾನಕ್ಕೆ ತಾನೇ ಬಿಟ್ಟುಬಂದಳು.

ತಾಯಿ ಸತ್ತಿರಲಿಲ್ಲ. ಆ ಅಣ್ಣ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ, ಗಲ್ಫಿಗೆ ಫೋನ್ ಮಾಡುವವರಲ್ಲಿ ಅವನೊಬ್ಬನಾದರೂ. ಆಕೆ ನಸುಕಿನ ಸುಬಹಿ ಬಾಂಗ್‌ನ ಹೊತ್ತಿನವರೆಗೂ ಇದ್ದು, ಕಿರಿಯ ಮಗನನ್ನು ಕೇಳಿ ಕೇಳಿ ಕಣ್ಣು ಮುಚ್ಚಿದಳು. ಮೊಯ್ದಿನಬ್ಬ ಮನೆ ಮುಟ್ಟುವಾಗ ದಫನ ಮುಗಿದಿತ್ತು.

ಅವನು ಮರಳಿ ಬಂದವನೇ ಮೊದಲು ಹೋದದ್ದು ಲವಿಟಾಳ ಮೇಜಿಗೆ. ನಾನು ಅಲ್ಲೇ ಇದ್ದೆ. "ನೀವು ಸುದ್ದಿ ಸಿಕ್ಕಿದ ಕೂಡಲೇ ಓಡಿ ಬಂದು ಹೇಳಿದಿರಿ ಅಕ್ಕ. ಒಡಹುಟ್ಟಿದವರು ಸಹ ಇಷ್ಟು ಮಾಡ್ಲಿಕ್ಕಿಲ್ಲ" ಎಂದು ಹಲ್ವದ ಪೊಟ್ಟಣ ಇಟ್ಟ. ತಾಯಿ ಬೆಳಗಿನ ತನಕ ಇದ್ದ ಕಥೆಯನ್ನೂ ಹೇಳಿದ. ಲವಿಟಾಳ ಮುಖ ಬಿಳುಚಿತು. ದುಃಖಕ್ಕೆ ಎಂದುಕೊಂಡೆ. ನನ್ನ ತಲೆಗೆ ಆಗ ಬೇರೇನೂ ಹೊಳೆಯಲಿಲ್ಲ.

ಭಾನುವಾರ ನಾನು, ರಾಜೀವಿ, ಲವಿಟಾ ಮೂವರೂ ನನ್ನ ಗಾಡಿಯಲ್ಲೇ ಜಬಲ್ ಅಲಿಗೆ ಹೋಗುತ್ತೇವೆ. ಅಲ್ಲಿ ನಮ್ಮ ದೇವಸ್ಥಾನ, ಅವಳ ಚರ್ಚು ಪಕ್ಕಪಕ್ಕ. ತಿಂಗಳ ಮೊದಲ ಭಾನುವಾರ ಅವರಲ್ಲಿ ಕರ್ತನ ಭೋಜನ, ರೊಟ್ಟಿ ಮತ್ತು ದ್ರಾಕ್ಷಾರಸ ಕೊಡುವುದು. ಆ ದಿನಗಳಲ್ಲಿ ಲವಿಟಾ ಅದನ್ನು ತೆಗೆದುಕೊಳ್ಳದೆ ಎಲ್ಲರಿಗಿಂತ ಮೊದಲು ಹೊರಗೆ ಬಂದು ಗಾಡಿಯ ನೆರಳಲ್ಲಿ ನಿಲ್ಲತೊಡಗಿದಳು. ಮೊದಲ ತಿಂಗಳು ಸುಮ್ಮನಿದ್ದೆ. ಮತ್ತೂ ಹಾಗೆಯೇ ಆದಾಗ ಕೀಟಲೆ ಮಾಡಿದೆ.

"ಎಂತ ಲವಿಟಾ, ನಿಮ್ಮ ಪ್ರಸಾದ ಅಷ್ಟು ಸಪ್ಪೆಯಾ?"

"ಕೈ ಒಡ್ಲಿಕ್ಕೆ ಆಗುದಿಲ್ಲ ಮೋಹನಣ್ಣ" ಎಂದಳು. ಅಷ್ಟೇ. ಕೈ ನೋವೇನೋ ಎಂದು ರಾಜೀವಿ ಮುಲಾಮು ಬೇರೆ ಕೊಟ್ಟಳು!

ಅವಳ ಮೇಜಿನ ಮೇಲೆ ಮುಚ್ಚಿದ ತಟ್ಟೆ ಬರುತ್ತಲೇ ಇತ್ತು. ಅವಳು ಅದನ್ನು ಪಕ್ಕದ ಹುಡುಗರಿಗೆ ಕೊಟ್ಟುಬಿಡುತ್ತಿದ್ದಳು. ಸೊರಗಿದಳು.

ಡಿಸೆಂಬರಿನ ಮೊದಲ ಭಾನುವಾರ. ಗಾಡಿ ಓಡಿಸುತ್ತಾ ನಾನು ಸುಮ್ಮನೆ ಪಂಚಾತಿಕೆಗೆಂದು ಹೇಳಿದೆ. "ಮೊಯ್ದಿನಬ್ಬ ಈ ಸಲ ರಜೆ ಬೇಡ ಅಂತಾನೆ. ಅಣ್ಣನಿಗೂ ಅವನಿಗೂ ಮಾತು ಬಿಟ್ಟಿದೆಯಂತೆ. ಅಣ್ಣ ಹೇಳುದು, ನಾನು ಮಧ್ಯಾಹ್ನವೇ ಫೋನ್ ಮಾಡಿದ್ದೆ, ನೀನು ಓವರ್‌ಟೈಮಿನ ಆಸೆಗೆ ನಿಂತೆ ಅಂತ. ಇವನು ಹೇಳುದು, ಸುಳ್ಳು ಹೇಳ್ಬೇಡ, ಲವಿಟಕ್ಕ ಸಂಜೆ ಫೋನ್ ಬಂತು ಅಂದಿದ್ದಾರೆ, ಅವರು ಸುಳ್ಳು ಹೇಳುವವರಲ್ಲ ಅಂತ. ಸಾವಿನ ಮನೆಯಲ್ಲೇ ಜಗಳ ಮಾರಾಯ್ರೆ!"

ಹಿಂದಿನ ಸೀಟಿನಲ್ಲಿದ್ದ ಲವಿಟಾ ಮುಂದಕ್ಕೆ ಬಾಗಿದಳು. "ಗಾಡಿ ತಿರುಗಿಸಿ ಮೋಹನಣ್ಣ."

"ಯಾಕೆ? ಎಂತ ಬಿಟ್ಟು ಬಂದಿದ್ದೀರಿ?"

"ಅಣ್ಣ ಹೇಳಿದ್ದೇ ಸತ್ಯ. ಫೋನ್ ಬಂದದ್ದು ಮಧ್ಯಾಹ್ನ. ನಾನು ಹೇಳ್ಲಿಲ್ಲ."

ಗಾಡಿಯನ್ನು ಬದಿಗೆ ಹಾಕಿದೆ. ಅವಳು ಎಲ್ಲವನ್ನೂ ಹೇಳಿದಳು. ಪಾಸ್ಟರ್ ಹತ್ತಿರ ಮೊದಲೇ ಹೇಳಿಕೊಂಡಿದ್ದಳಂತೆ. ದೇವರು ಪಶ್ಚಾತ್ತಾಪದ ಮನಸ್ಸನ್ನು ತಳ್ಳಿಬಿಡುವುದಿಲ್ಲ, ಆದರೆ ಮೊಯ್ದಿನಬ್ಬನಿಗೆ ಹೇಳಬೇಕಾದದ್ದನ್ನು ದೇವರಿಗೆ ಮಾತ್ರ ಹೇಳಿ ಬಾಗಿಲು ಹಾಕಿಕೊಳ್ಳಬೇಡಿ ಎಂದಿದ್ದರಂತೆ ಅವರು. ಅಂದಿನಿಂದ ಇವಳು ಆ ಬಾಗಿಲ ಹತ್ತಿರವೇ ನಿಂತಿದ್ದಳು.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಈಗಲೂ ಗೊತ್ತಿಲ್ಲ. "ಬೇಡ ಲವಿಟಾ. ಅವನು ನಿಮ್ಮನ್ನು ದೇವರ ಹಾಗೆ ನೋಡ್ತಾನೆ. ಈಗ ಹೋಗಿ ಹೇಳಿದ್ರೆ ಉಮ್ಮ ಎದ್ದು ಬರ್ತಾರಾ? ನಿಮ್ಮ ಭಾರ ಇಳಿಸ್ಲಿಕ್ಕೆ ಅವನ ಎದೆಗೆ ಕಲ್ಲು ಹಾಕುದಾ?"

"ನಾನೂ ಇಷ್ಟು ದಿನ ಅದನ್ನೇ ಹೇಳ್ಕೊಂಡೆ, ಅವನಿಗೆ ನೋವಾಗ್ತದೆ ಅಂತ. ಆವತ್ತೂ ಹಾಗೇ ಅಲ್ವಾ? ಪಾಪ, ನೋಂಬು ಬಿಡ್ಲಿ, ಆಮೇಲೆ ಹೇಳುವ ಅಂತ. ದಯೆ ಅಂದ್ಕೊಂಡೆ. ಆದ್ರೆ ಆವತ್ತು ಆ ಆರ್ಡರ್ ಇಲ್ಲದೇ ಇದ್ದಿದ್ರೆ ಮಧ್ಯಾಹ್ನವೇ ಹೇಳ್ತಿದ್ದೆ ಮೋಹನಣ್ಣ. ಅದು ನನಗೆ ಗೊತ್ತುಂಟು, ದೇವರಿಗೂ ಗೊತ್ತುಂಟು. ಅವನಿಗೆ ಮಾತ್ರ ಗೊತ್ತಿಲ್ಲ. ಈಗ ನನ್ನ ಮರ್ಯಾದೆ ಉಳಿಸ್ಲಿಕ್ಕೆ ಅವನು ಸ್ವಂತ ಅಣ್ಣನನ್ನು ಸುಳ್ಳುಗಾರ ಅಂತಿದ್ದಾನೆ."

ರಾಜೀವಿ ನನ್ನ ಭುಜ ತಿವಿದಳು. "ಕೂತು ನೋಡುದು ಎಂತ? ತಿರುಗಿಸಿ. ದೇವಸ್ಥಾನ ಎಲ್ಲಿಗೂ ಓಡಿ ಹೋಗುದಿಲ್ಲ." ತಿರುಗಿಸಿದೆ.

ಅಡುಗೆಮನೆಯಲ್ಲಿ ಮೊಯ್ದಿನಬ್ಬ ತುಪ್ಪದನ್ನಕ್ಕೆ ಈರುಳ್ಳಿ ಹುರಿಯುತ್ತಿದ್ದ. ಲವಿಟಾ ಚರ್ಚಿನ ಸೀರೆಯಲ್ಲೇ ಹೋಗಿ ಅವನೆದುರು ನಿಂತಳು. ಪೀಠಿಕೆ ಹಾಕಲಿಲ್ಲ, ಅಳಲೂ ಇಲ್ಲ. ಫೋನ್ ಬಂದದ್ದು ಮಧ್ಯಾಹ್ನ, ನಾನು ಸಂಜೆಯವರೆಗೆ ಮುಚ್ಚಿಟ್ಟೆ, ಉಮ್ಮ ಹೋಗಿಯಾಗಿದೆ ಅಂದುಕೊಂಡೆ, ಆರ್ಡರಿಗೆ ನೀವು ಬೇಕಿತ್ತು, ಆಮೇಲೆ ಈಗಷ್ಟೇ ಬಂತು ಅಂತ ಸುಳ್ಳು ಹೇಳಿದೆ. ಇಷ್ಟನ್ನೂ ಹೇಳಿದಳು. "ನಿಮ್ಮ ಅಣ್ಣ ಸುಳ್ಳುಗಾರ ಅಲ್ಲ ಮೊಯ್ದಿನಬ್ಬ. ಸುಳ್ಳು ಹೇಳಿದವಳು ನಾನು."

ಅವನು ಒಲೆ ಆರಿಸಿದ. "ಮಧ್ಯಾಹ್ನವಾ?"

"ಹೌದು."

"ಮಧ್ಯಾಹ್ನದ ವಿಮಾನಕ್ಕೆ ಹೋಗ್ಬಹುದಿತ್ತಾ?"

"ಹೋಗ್ಬಹುದಿತ್ತು."

ಈರುಳ್ಳಿ ತಳ ಹಿಡಿದ ವಾಸನೆ ಬಂತು, ಯಾರೂ ಅತ್ತ ನೋಡಲಿಲ್ಲ. ಅವನು ಕೈ ಒರೆಸಿಕೊಂಡು ಮೊಬೈಲ್ ತೆಗೆದು ಒಂದು ನಂಬರ್ ಒತ್ತಿ ಅವಳ ಕೈಗೆ ಕೊಟ್ಟ. "ಅಣ್ಣನಿಗೆ ಹೇಳಿ. ನಾನು ಹೇಳಿದ್ರೆ ನಂಬುದಿಲ್ಲ."

ಅವಳು ಅಣ್ಣನಿಗೂ ಒಂದಕ್ಷರ ಬಿಡದೆ ಹೇಳಿದಳು. ಆಚೆಯಿಂದ ಗಂಡಸು ಅಳುವ ಸದ್ದು ನಮಗೆಲ್ಲ ಕೇಳಿಸಿತು. ಮೊಯ್ದಿನಬ್ಬ ಫೋನ್ ತೆಗೆದುಕೊಂಡು ಗೋಡೆ ಕಡೆ ತಿರುಗಿ, "ನೀವು ಈಗ ಹೋಗಿ ಅಕ್ಕ" ಎಂದ. ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಮರುದಿನ ಲವಿಟಾ ಮ್ಯಾನೇಜರನಿಗೂ ಹೇಳಿದಳು. "ಖಲಾಸ್, ಮುಗಿದ ಕಥೆ ಬಿಡಿ" ಎಂದ ಆತ. ಅವಳು ಬಿಡಲಿಲ್ಲ. ಊರಿನಿಂದ ಫೋನ್ ಬಂದರೆ ಆರ್ಡರ್ ಯಾವುದೇ ಇರಲಿ, ಹೇಳಿದ ಮಾತನ್ನು ಹೇಳಿದ ಹಾಗೆಯೇ ಆಗಿಂದಾಗಲೇ ಮುಟ್ಟಿಸುತ್ತೇನೆ, ಒಪ್ಪಿಗೆ ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳಿ ಎಂದಳು. ಒಪ್ಪಿದ. ಒಪ್ಪದೆ ಏನು ಮಾಡುತ್ತಾನೆ?

ತಟ್ಟೆ ಬರುವುದು ನಿಂತಿತು. ಮೊಯ್ದಿನಬ್ಬ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ವಿಚಿತ್ರ ನೋಡಿ, ಅವಳು ಈಗ ಹೊಟ್ಟೆ ತುಂಬ ಉಣ್ಣತೊಡಗಿದಳು, ಮೆಸ್ಸಿನ ಸಾಲಿನಲ್ಲಿ ಎಲ್ಲರ ಜೊತೆ ನಿಂತು.

ಮುಂದಿನ ತಿಂಗಳ ಮೊದಲ ಭಾನುವಾರವೂ ಅವಳು ಹೊರಗೆ ಬಂದು ನಿಂತಳು. "ಹೇಳಿಯಾಯ್ತಲ್ಲ, ಇನ್ನೆಂತ?" ಎಂದೆ. ಅವನು ಇನ್ನೂ ಕ್ಷಮಿಸಿಲ್ಲ ಎಂದಳು. ಅಷ್ಟರಲ್ಲಿ ಪಾಸ್ಟರ್, ನಿಲುವಂಗಿಯಲ್ಲೇ, ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತಾ ಹುಡುಕಿಕೊಂಡು ಬಂದರು. "ಮೊಯ್ದಿನಬ್ಬ ಕ್ಷಮಿಸುವುದು ಅವರ ಇಷ್ಟ, ಅವರ ಕಾಲ. ಅದನ್ನು ನೀವು ಕೇಳಿ ಪಡೆಯುವ ಹಾಗಿಲ್ಲ. ಕರ್ತನ ಈ ಮೇಜು ಲೆಕ್ಕ ಸರಿಯಾದವರಿಗೆ ಅಲ್ಲ ಲವಿಟಾ, ಕೈ ಖಾಲಿ ಇರುವವರಿಗೆ. ಬನ್ನಿ, ನಿಮಗೋಸ್ಕರ ಎಲ್ಲರೂ ಕಾಯ್ತಿದ್ದಾರೆ." ಅವಳು ಹೋದಳು. ಆ ದಿನ ಎಲ್ಲರಿಗಿಂತ ಕೊನೆಗೆ ಹೊರಗೆ ಬಂದಳು. ನನ್ನ ಸೀಟು ಕಾದು ಬಾಣಲೆಯಾಗಿತ್ತು, ಆದರೂ ಬಾಯಿ ಮುಚ್ಚಿಕೊಂಡಿದ್ದೆ.

ನಮ್ಮಲ್ಲಿ ತಪ್ಪುಕಾಣಿಕೆ ಹಾಕಿ ಕೈಮುಗಿದು ಬರುತ್ತೇವೆ. ನಾನೂ ಹಾಕಿದ್ದೇನೆ. ಆದರೆ ತಪ್ಪಿನ ಎದುರು ಹೋಗಿ ನಿಂತು ಅದರ ಹೆಸರು ಹೇಳುವ ಧೈರ್ಯ ನನಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿರುವುದು.

ಈ ವರ್ಷದ ರಂಜಾನ್ ಬಂತು, ಅದೇ ಇಫ್ತಾರ್ ಆರ್ಡರ್ ಕೂಡ ಬಂತು. ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಅಕ್ಕಿ ಇಳಿಸುತ್ತಿದ್ದೆ. ಲವಿಟಾ ಅಂಗಳ ದಾಟಿ ಓಡಿ ಬರುತ್ತಿರುವುದು ಕಾಣಿಸಿತು. ಆ ದೇಹ ಹೊತ್ತು ಅವಳು ಓಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಮೊಯ್ದಿನಬ್ಬನ ಕೈಯ ಸೌಟು ನಿಂತಿತು.

"ಒಳ್ಳೆ ಸುದ್ದಿ, ಒಳ್ಳೆ ಸುದ್ದಿ!" ಎಂದು ಬಾಗಿಲಲ್ಲೇ ಕೂಗಿದಳು ಅವಳು, ಏದುಸಿರು ಬಿಡುತ್ತಾ. "ಅಣ್ಣನ ಫೋನ್. ನೀವು ತೆಗೀತಿಲ್ಲ ಅಂತ ಆಫೀಸಿಗೆ ಮಾಡಿದ್ರು. ಅಣ್ಣನ ಮಗಳು ಮಿನ್ಹಾಳ ನಿಕಾಹ್ ನಿಶ್ಚಯ ಆಯ್ತು. ಪೆರ್ನಾಲ್ ಹಬ್ಬಕ್ಕೆ ನೀವು ಬರ್ಲೇಬೇಕಂತೆ, ಉಮ್ಮನ ಜಾಗದಲ್ಲಿ ನೀವೇ ನಿಲ್ಬೇಕಂತೆ. ಇಷ್ಟೇ ಹೇಳಿದ್ದು. ಈಗ ಬಂತು, ಈ ನಿಮಿಷ. ನಂಬಿಕೆ ಬಾರದಿದ್ರೆ ಅಣ್ಣನನ್ನೇ ಕೇಳಿ."

ಮೊಯ್ದಿನಬ್ಬ ಅವಳನ್ನು ನೋಡುತ್ತಾ ನಿಂತ. ಬೆವರಿ ನೀರಾದ ಆ ಮುಖವನ್ನು, ಒಂದೇ ಕಾಲಿನಲ್ಲಿದ್ದ ಚಪ್ಪಲಿಯನ್ನು. ಇನ್ನೊಂದು ಅಂಗಳದಲ್ಲೇ ಬಿದ್ದಿತ್ತು.

"ಕೇಳುದು ಬೇಡ ಅಕ್ಕ" ಎಂದ. "ನೀವು ಹೇಳಿದಿರಲ್ಲ."

ಆಮೇಲೆ ಕಪಾಟಿನಿಂದ ಒಂದು ತಟ್ಟೆ ತೆಗೆದು ತೊಳೆದು, ಹಂಡೆಯಿಂದ ಬಿಸಿ ಅನ್ನ ಹಾಕಿ, ಮೇಲೊಂದು ಮುಚ್ಚಿ ಅವಳ ಮುಂದೆ ಹಿಡಿದ. ಲವಿಟಾ ಎರಡೂ ಕೈ ಒಡ್ಡಿದಳು.