ನಲ್ಲಿಯ ಬಳಿ ಓದಿದ ಕಾದಂಬರಿ

ಬೆಂಗಳೂರಿನ ಗರುಡಾಚಾರ್‌ಪಾಳ್ಯದ ವಠಾರಕ್ಕೆ ಬಂದ ಮೊದಲ ಭಾನುವಾರ ನಲ್ಲಿಯ ಮುಂದೆ ಕೊಡಗಳು ಸಾಲಾಗಿ ನಿಂತಿದ್ದವು, ಮನುಷ್ಯರು ಮಾತ್ರ ಒಬ್ಬರೂ ಇರಲಿಲ್ಲ. ಯಾದಗಿರಿ ಕಡೆಯ ನಮ್ಮೂರ ಬಾವಿಯಲ್ಲಿ ನೀರಿಗಿಂತ ಮಾತೇ ಹೆಚ್ಚು ಸಿಗುತ್ತಿತ್ತು. ಇಲ್ಲಿ ಕೊಡ ಇಟ್ಟು ಬಾಗಿಲು ಹಾಕಿಕೊಳ್ಳುತ್ತಾರೆ. ಆ ಖಾಲಿ ಕೊಡಗಳ ನಡುವೆ ನಿಂತು ನಾನು ಅತ್ತುಬಿಟ್ಟೆ.

ವಠಾರವೆಂದರೆ ಒಂದೇ ಅಂಗಳಕ್ಕೆ ಬಾಗಿಲಿರುವ ಬಾಡಿಗೆ ಕೋಣೆಗಳ ಸಾಲು. ಗಂಡನಿಗೆ ಕಾರ್ಖಾನೆ ಕೆಲಸ, ನನಗೆ ಗಾರ್ಮೆಂಟ್ಸ್ ಹೊಲಿಗೆ. ಪುಟ್ಟ ಮಗಳು ಭಾಗ್ಯಳನ್ನು ಊರಲ್ಲಿ ಅತ್ತೆಯ ಹತ್ತಿರ ಬಿಟ್ಟಿದ್ದೆವು. ಎಸ್‌ಟಿಡಿ ಬೂತಿನಿಂದ ಊರ ಅಂಗಡಿಗೆ ಫೋನು ಮಾಡಿದರೆ ಅವಳು ಮಾತಾಡುತ್ತಿರಲಿಲ್ಲ, ಉಸಿರಾಡುವುದಷ್ಟೇ ಕೇಳುತ್ತಿತ್ತು.

ಬೇಸರ ಕಳೆಯಲು ಕೆ.ಆರ್. ಪುರದ ಬಾಡಿಗೆ ಪುಸ್ತಕದಂಗಡಿಯಿಂದ ಕಾದಂಬರಿ ತಂದು ನಲ್ಲಿಯ ಬಳಿ ಓದುತ್ತ ಕೂತೆ. ಪಕ್ಕದ ಕೋಣೆಯ ಸೆಲ್ವಿ, ಹಲಸೂರಿನಲ್ಲಿ ಬೆಳೆದವಳು, "ಜೋರಾಗಿ ಓದಕ್ಕ, ನಮಗೂ ಕೇಳ್ಲಿ" ಎಂದಳು. ಒಂದೊಂದೇ ಬಾಗಿಲು ತೆರೆಯಿತು. ಓದುವವಳ ಕೊಡವನ್ನು ಉಳಿದವರು ತುಂಬಿಸಿಕೊಡಬೇಕೆಂಬ ಪದ್ಧತಿಯೂ ತಾನಾಗಿ ಬಂತು. ಈ ಊರಲ್ಲಿ ನನಗೆ ಸಿಕ್ಕ ಮೊದಲ ಮರ್ಯಾದೆ ಅದು, ಒಳಗೊಳಗೇ ಬೀಗಿದೆ.

ಕಾದಂಬರಿಯಲ್ಲಿ ಒಬ್ಬ ತಾಯಿ ದುಡಿಯಲು ಪರ ಊರಿಗೆ ಹೋಗಿ, ವರ್ಷಗಳ ಮೇಲೆ ಮರಳುತ್ತಾಳೆ. ಮಗು ಅವಳ ಕೈತುತ್ತು ಉಣ್ಣುವುದಿಲ್ಲ. ಅಲ್ಲಿಗೆ ಬಂದಾಗ ರಾಯಚೂರಿನ ನೀಲಮ್ಮ "ಸಾಕು, ಮುಚ್ಚು" ಎಂದಳು. ಆಕೆಯ ಇಬ್ಬರು ಗಂಡುಮಕ್ಕಳು ಊರಲ್ಲಿದ್ದಾರೆಂದು ನಮಗೆ ತಿಳಿದದ್ದೇ ಆವತ್ತು.

"ಹೊಟ್ಟಿ ಸಲುವಾಗಿ ಬಂದೀವಿ. ಆ ತಾಯಿದೇನು ತಪ್ಪದ?" ಎಂದಳು.

"ತಪ್ಪು ಯಾರ್ದೂ ಇಲ್ಲಕ್ಕ," ಎಂದಳು ಸೆಲ್ವಿ. "ಮಗೂಗೆ ಅದೆಲ್ಲ ಹೆಂಗೆ ಗೊತ್ತಾಗುತ್ತೆ? ದಿನಾ ಯಾರು ತಿನ್ನಿಸ್ತಾರೋ ಅವ್ರೇ ಅಮ್ಮ."

ನೀರು ನಿಂತರೂ ಮಾತು ನಿಲ್ಲಲಿಲ್ಲ. ಒಬ್ಬೊಬ್ಬರೂ ಬಿಟ್ಟುಬಂದ ಮಕ್ಕಳ ಹೆಸರು ಹೇಳಿದರು. ನಾನೂ ಭಾಗ್ಯಳ ಹೆಸರು ಹೇಳಿದೆ. ಆ ವಾರವೇ ರಜೆ ಹಾಕಿ ಊರಿಗೆ ಹೋದೆ.

ಭಾಗ್ಯ ನನ್ನ ಕೈತುತ್ತು ಉಂಡಳು. ಕಾದಂಬರಿ ಸುಳ್ಳಾಯಿತೆಂದು ಹಿಗ್ಗಿದೆ. ಬಾಯಿ ಒರೆಸಿಕೊಂಡು ಅವಳು ಅಜ್ಜಿಯ ಸೆರಗು ಹಿಡಿದು ಕೇಳಿದಳು: "ಆಯಿ, ಈಕಿ ಯಾವಾಗ ಹೋಗ್ತಾಳ?"

ಹಟಕ್ಕೆ ಬಿದ್ದು ಅವಳನ್ನು ಬೆಂಗಳೂರಿಗೆ ಕರೆತಂದೆ. ಊರಲ್ಲಿ ಮಗು ಹತ್ತು ಮನೆಯ ಅಂಗಳದಲ್ಲಿ ಆಡಿ ಬೆಳೆಯುತ್ತದೆ. ಇಲ್ಲಿ ಒಂದು ಕೋಣೆ, ಒಂದು ಕಿಟಕಿ. ಅವಳು ಏಳುವ ಮೊದಲೇ ನಾನು ಕೆಲಸಕ್ಕೆ ಹೊರಡಬೇಕಿತ್ತು. ಮನೆಯಲ್ಲೇ ಹೂ ಕಟ್ಟುವ ಸೆಲ್ವಿ ಅವಳನ್ನು ನೋಡಿಕೊಂಡಳು, ಅನ್ನ ರಸಂ ಕಲಸಿ ತಿನ್ನಿಸಿದಳು. ಸಂಜೆ ನಾನು ಕರೆದರೆ ಭಾಗ್ಯ ಅಲ್ಲಿಂದ ಏಳುತ್ತಿರಲಿಲ್ಲ. ಸೆಲ್ವಿಯನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು, ಅವಳಿಲ್ಲದೆ ನನಗೆ ಗತಿಯೂ ಇರಲಿಲ್ಲ.

ಒಂದು ಭಾನುವಾರ ನೀಲಮ್ಮನೇ "ಮುಂದ ಓದು. ಕಡೀಕರೆ ಆ ಕೂಸು ಉಣ್ತದೋ ಇಲ್ಲೋ ಗೊತ್ತಾಗಲಿ" ಎಂದಳು. ಪುಸ್ತಕ ತೆರೆದೆ. ಸೆಲ್ವಿಯ ತೊಡೆಯ ಮೇಲಿದ್ದ ಭಾಗ್ಯ ನನ್ನತ್ತ ಬೆರಳು ತೋರಿಸಿ ಕೇಳಿದಳು: "ಆಂಟಿ, ಈಕಿ ಯಾವಾಗ ಹೋಗ್ತಾಳ?"

"ನಾಳೆ ಬೆಳಿಗ್ಗೆ, ಚಿನ್ನ," ಎಂದಳು ಸೆಲ್ವಿ.

ಊರಲ್ಲಿ ನಾನು ಹೋಗುವವಳು, ಇಲ್ಲಿಯೂ ಹೋಗುವವಳೇ. ನೀಲಮ್ಮ ಎದ್ದು ನನ್ನ ಕೊಡವನ್ನು ನಲ್ಲಿಯ ಕೆಳಗೆ ಇಟ್ಟಳು. ನಾನು ಓದತೊಡಗಿದೆ.