ಅಕ್ಕನ ಬಾಟಲಿಗೆ ಅಂಟಿಸದ ಚೀಟಿ

ಕಾಂಪೌಂಡರನಿಗೆ ಲ್ಯಾಟಿನ್ ಬರುತ್ತದೆ ಎಂದು ಆ ಬೀದಿಯಲ್ಲಿ ಒಂದು ಸುದ್ದಿ ಇತ್ತು. ನಂಬಬೇಡಿ. ಅವನಿಗೆ ಬರುತ್ತಿದ್ದುದು ಹನ್ನೆರಡೋ ಹದಿಮೂರೋ ಕ್ರಿಯಾಪದ, ಅವೂ ಎಲ್ಲ ಅಪ್ಪಣೆಗಳೇ. ತೆಗೆದುಕೋ, ಬೆರೆಸು, ಸೋಸು, ಪಾಲು ಮಾಡು, ಅಲ್ಲಾಡಿಸು. ಪಕ್ಕದ ಕೋಣೆಯಲ್ಲಿ ಕೂತ ಡಾಕ್ಟರು ಹಳೇ ಕಾಲದವರು; ಔಷಧಿಯ ಚೀಟಿಯನ್ನು ಲ್ಯಾಟಿನ್ನಿನಲ್ಲೇ ಗೀಚಿ ಗೋಡೆಯ ಕಿಂಡಿಯಿಂದ ತಳ್ಳುತ್ತಿದ್ದರು. ಇವನು ಓದಿ, ತಕ್ಕಡಿಯಲ್ಲಿ ತೂಗಿ, ಅಳತೆಗಾಜಿನಲ್ಲಿ ಅಳೆದು, ಬಾಟಲಿಗೆ ತುಂಬುತ್ತಿದ್ದ. ಮೂವತ್ತು ವರ್ಷ ಒಂದು ಭಾಷೆಯಲ್ಲಿ ಬರೀ ಅಪ್ಪಣೆ ಕೇಳಿಸಿಕೊಂಡವನು, ಪಾಪ, ಆ ಭಾಷೆಯ ಮುಂದೆ ಸದಾ ತಲೆ ತಗ್ಗಿಸಿಯೇ ನಿಂತಿರುತ್ತಿದ್ದ.

ಎಲ್ಲದರಲ್ಲೂ ಅವನಿಗೆ ಹೆಚ್ಚು ಭಯವಿದ್ದದ್ದು 'ಅಗಿಟಾ' ಎಂಬ ಮಾತಿಗೆ. ಅಲ್ಲಾಡಿಸು ಎಂದರ್ಥ. ಡಾಕ್ಟರು ಅದನ್ನು ಚೀಟಿಯ ತಳದಲ್ಲಿ ಬರೆದರೆ, ಬಾಟಲಿಗೆ 'ಕುಡಿಯುವ ಮೊದಲು ಚೆನ್ನಾಗಿ ಅಲ್ಲಾಡಿಸಿ' ಎಂಬ ಕೆಂಪು ಚೀಟಿ ಬೀಳಲೇಬೇಕು. ಕೆಲಸ ಕಲಿಸಿದ ಹಿರಿಯ ಕಾಂಪೌಂಡರು ಇದನ್ನು ಮೊದಲ ವಾರವೇ ಅವನ ತಲೆಗೆ ತುಂಬಿದ್ದರು. "ಕೆಲವು ಮದ್ದು ತಳಕ್ಕಿಳಿಯುತ್ತೆ ಕಣೋ. ಅಲ್ಲಾಡಿಸದೇ ಕುಡಿದ್ರೆ ಆರು ದಿನ ಬರೀ ನೀರು, ಏಳನೇ ದಿನ ಇಡೀ ವಾರದ ವಿಷ ಒಂದೇ ಲೋಟದಲ್ಲಿ. ಹಾಗೆ ಸತ್ತವರನ್ನ ನಾನು ನೋಡಿದ್ದೀನಿ." ಅಂದಿನಿಂದ ಇವನು ಚೀಟಿ ಅಂಟಿಸಿದ್ದು ಸಾಲದೆಂದು ಬಾಯಲ್ಲೂ ಹೇಳುತ್ತಿದ್ದ, ಕೈಯಲ್ಲೂ ಮಾಡಿ ತೋರಿಸುತ್ತಿದ್ದ. ಮಕ್ಕಳು ಅವನಿಗೆ ಅಲ್ಲಾಡ್ಸಪ್ಪ ಎಂದು ಹೆಸರಿಟ್ಟಿದ್ದವು. ಇಟ್ಟರೆ ಇಟ್ಟುಕೊಳ್ಳಲಿ, ಯಾರೂ ಸಾಯಲಿಲ್ಲವಲ್ಲ!

ಆದರೆ ಕಾಂಪೌಂಡರುಗಳಲ್ಲಿ ಒಂದು ಕೆಟ್ಟ ರೂಢಿ ಇತ್ತು. ಸ್ವಂತ ಮನೆಗೆ ಒಯ್ಯುವ ಬಾಟಲಿಗೆ ಅವರು ಚೀಟಿ ಅಂಟಿಸುತ್ತಿರಲಿಲ್ಲ. ಗೋಂದು ಹಚ್ಚಿ, ಒತ್ತಿ, ಒಣಗಿಸಿ, ಇದೆಲ್ಲ ಯಾರಿಗೆ? ನಮ್ಮವರಿಗೆ ತಾನೇ, ಬಾಯಲ್ಲಿ ಹೇಳಿದರಾಯಿತು.

ಆ ಸೋಮವಾರ ಮಧ್ಯಾಹ್ನ ಹನ್ನೆರಡೂವರೆ. ಡಾಕ್ಟರು ರೋಗಿಯೊಬ್ಬರ ಮನೆಗೆ ಹೋಗಿದ್ದರು. ಬೆಂಚಿನ ಮೇಲೆ ಉಳಿದಿದ್ದವರು ಒಬ್ಬರೇ, ನಿವೃತ್ತ ಲ್ಯಾಟಿನ್ ಮೇಷ್ಟ್ರು. ಕೆಮ್ಮಿನ ಔಷಧಿಗೆ ಬಂದವರು, ಕೆಮ್ಮಿಗಿಂತ ಮಾತು ಜಾಸ್ತಿ. ಪಾಠ ಕೇಳುವವರು ಯಾರೂ ಉಳಿದಿರಲಿಲ್ಲವಾದ್ದರಿಂದ ಕಾಂಪೌಂಡರನೇ ಅವರ ತರಗತಿ.

"ನೀನು ಅಗಿಟಾ ಅಂದ್ರೆ ಬಾಟಲಿ ಅಲ್ಲಾಡಿಸೋದು ಅಂತ ಮಾತ್ರ ತಿಳ್ಕೊಂಡಿದ್ದೀಯ," ಅಂದರು ಮೇಷ್ಟ್ರು. "ಅದರ ಬೇರು 'ಅಗೋ'. ಅಂದ್ರೆ ಓಡಿಸ್ತೀನಿ, ನಡೆಸ್ತೀನಿ. ಅದನ್ನೇ ಬಿಡದೆ ಮತ್ತೆ ಮತ್ತೆ ಮಾಡಿದ್ರೆ 'ಅಗಿಟೋ'. ದನ ಅಟ್ಟಿಸಿಕೊಂಡು ಹೋಗೋದಕ್ಕೂ ಅದೇ, ಕುದುರೆ ಓಡಿಸೋದಕ್ಕೂ ಅದೇ. ಗಾಳಿ ಸಮುದ್ರವನ್ನ ಎತ್ತಿ ಒಗೆಯುತ್ತಲ್ಲ, ಅದಕ್ಕೂ. ಒಂದು ಯೋಚನೇನ ತಲೇಲಿ ತಿರುವಿ ತಿರುವಿ ಹಾಕೋದಕ್ಕೂ."

"ಒಂದೇ ಮಾತಿಗೆ ಅಷ್ಟೊಂದು ಕೆಲಸಾನಾ ಸಾರ್? ನನಗಿಂತ ದುಡಿಯುತ್ತೆ," ಅಂದ ಕಾಂಪೌಂಡರು, ಕೆಂಪು ಚೀಟಿಗೆ ಗೋಂದು ಹಚ್ಚುತ್ತಾ.

"ಇನ್ನೂ ಇದೆ ಕೇಳು. ತಪ್ಪು ಮಾಡಿದವನನ್ನ ಅವನ ಮನಸ್ಸೇ ಬೆನ್ನಟ್ಟಿ ಬೆನ್ನಟ್ಟಿ ಓಡಿಸುತ್ತಲ್ಲ, ಅದಕ್ಕೂ ಅವರು ಇದೇ ಮಾತು ಹೇಳ್ತಿದ್ರು."

ಕಾಂಪೌಂಡರು ನಕ್ಕು ಚೀಟಿಯನ್ನು ಬಾಟಲಿಗೆ ಒತ್ತಿದ. ಒತ್ತಿದ ಹೆಬ್ಬೆರಳು ಅಲ್ಲೇ ನಿಂತಿತು.

ಹೋದ ಸೋಮವಾರ ಡಾಕ್ಟರು ಬರೆದ ಅಕ್ಕನ ಔಷಧಿಯ ಚೀಟಿಯ ತಳದಲ್ಲೂ ಇದೇ 'ಅಗಿಟಾ' ಇತ್ತು. ಡಾಕ್ಟರು ನಾಲ್ಕು ವರ್ಷದಿಂದ ಅವಳಿಗೆ ನರಗಳ ಟಾನಿಕ್ ಬರೆಯುತ್ತಿದ್ದರು. ಕಾಸರಕದ ಬೀಜದ ಸತ್ವ ಅದರಲ್ಲಿ ಕೆಲವೇ ಹನಿ, ತೀರಾ ಕಹಿ, ತೀರಾ ವಿಷ. ಅಲ್ಲಿಯತನಕ ಅದು ನೀರಿನಲ್ಲಿ ಕರಗಿಯೇ ಇರುತ್ತಿತ್ತು, ಅಲ್ಲಾಡಿಸುವ ಮಾತೇ ಇರಲಿಲ್ಲ. ಆ ವಾರ ನಿದ್ದೆ ಚೆನ್ನಾಗಿ ಬರಲೆಂದು ಡಾಕ್ಟರು ಹೊಸದೊಂದು ಉಪ್ಪು ಸೇರಿಸಿದ್ದರು. ಆ ಉಪ್ಪು ಸೇರಿದರೆ ಸತ್ವ ನಿಧಾನವಾಗಿ ಹರಳುಗಟ್ಟಿ ತಳ ಸೇರುತ್ತದೆ. ಅದಕ್ಕೇ ಅಗಿಟಾ. ಇವನು ಓದಿದ್ದ. ಅಕ್ಕನದಲ್ಲವೇ, ಹೇಳಿದರಾಯಿತು ಅಂದುಕೊಂಡಿದ್ದ. ಬಾಗಿಲಲ್ಲಿ ನಿಂತು ಬಾಟಲಿ ಕೊಡುವಾಗ ಅಕ್ಕ, "ಮಗಳ ಹಲ್ಲುನೋವು ಹೇಗಿದೆಯೋ?" ಅಂದಳು. ಹಲ್ಲಿನ ಕತೆ ಹೇಳಿ ಮೆಟ್ಟಿಲಿಳಿದು ಬಂದಿದ್ದ.

ದಿನಕ್ಕೊಂದು ಗುಟುಕು, ಊಟವಾದ ಮೇಲೆ. ಮಂಗಳವಾರದಿಂದ ಶುರು, ಇವತ್ತು ಏಳನೆಯದು.

ಗಡಿಯಾರ ನೋಡಿದ. ಅಕ್ಕ ಊಟ ಮಾಡುವುದು ಒಂದು ಗಂಟೆಗೆ. ಅವಳ ಮನೆಯಲ್ಲಿ ಫೋನಿಲ್ಲ.

"ಮೇಷ್ಟ್ರೇ, ಡಾಕ್ಟ್ರು ಬಂದ ತಕ್ಷಣ ನಮ್ಮಕ್ಕನ ಮನೆಗೆ ಕಳಿಸಿ. ಕೈ ಮುಗೀತೀನಿ," ಅಂದವನೇ ಕಪಾಟಿನಿಂದ ಇದ್ದಿಲು ಪುಡಿಯ ಪೊಟ್ಟಣ ಎಳೆದುಕೊಂಡ. ಹೊಟ್ಟೆಯೊಳಗಿನ ವಿಷವನ್ನು ಹೀರಿಕೊಳ್ಳುವುದಕ್ಕೆ ಅವನಿಗೆ ಗೊತ್ತಿದ್ದ ಮದ್ದು ಅದೊಂದೇ. ಬಿಳಿ ಕೋಟು ಬಿಚ್ಚುವುದನ್ನೂ ಮರೆತು ಎದ್ದೆನೋ ಬಿದ್ದೆನೋ ಎಂದು ಓಡಿದ.

ಐವತ್ತು ದಾಟಿದ ಗಂಡಸು ಓಡುವುದನ್ನು ನೋಡಿ ಜನ ದಾರಿ ಬಿಟ್ಟರು. ಅಂಗಡಿಯವನೊಬ್ಬ "ಯಾರಿಗೇನಾಯ್ತು?" ಎಂದು ಕೂಗಿದ. ಏನು ಹೇಳುವುದು? ನಮ್ಮಕ್ಕನಿಗೆ ನಾನೇ ವಿಷ ಬೆರೆಸಿ ಕೊಟ್ಟೆ ಅನ್ನುವುದೇ? ಅಮ್ಮ ಹೋದ ಮೇಲೆ ಅವನನ್ನು ಸಾಕಿದ್ದು ಅಕ್ಕ. ದರ್ಜಿ ಅಂಗಡಿಯ ಅಂಗಿಗಳನ್ನು ಮನೆಗೆ ತಂದು ಗುಂಡಿಯ ಕಾಜ ಹೊಲಿದ ಕಾಸಿನಲ್ಲಿ ಅವನನ್ನು ಕಾಂಪೌಂಡರ ಕೆಲಸ ಕಲಿಯಲು ಕಳಿಸಿದ್ದಳು. ಸೂಜಿ ಹಿಡಿದೂ ಹಿಡಿದೂ ಈಗ ಅವಳ ಕೈ ನಡುಗುತ್ತಿತ್ತು, ಟಾನಿಕ್ ಅದಕ್ಕಾಗಿಯೇ. ಓಡುತ್ತಾ ಅವನಿಗೆ ಬೇರೇನೂ ಕಾಣುತ್ತಿರಲಿಲ್ಲ. ಮೊದಲು ದವಡೆ ಬಿಗಿಯುತ್ತದೆ, ಆಮೇಲೆ ಕತ್ತು. ಆಮೇಲೆ ಒಂದು ಸಣ್ಣ ಸದ್ದಾದರೂ ಸಾಕು, ಮೈಯೆಲ್ಲ ಸೆಟೆದು ಬಿಲ್ಲಿನಂತೆ ಬಾಗುತ್ತದೆ. ಪುಸ್ತಕದಲ್ಲಿ ಓದಿದ್ದು. ಯಾಕಾದರೂ ಓದಿದೆನೋ ಎಂದು ಶಪಿಸಿಕೊಂಡ.

ಮೂರು ಮಹಡಿ ಹತ್ತಿದಾಗ ಜೀವ ಬಾಯಿಗೆ ಬಂದಿತ್ತು. ಬಾಗಿಲು ತೆರೆದೇ ಇತ್ತು. ಅಕ್ಕ ಕಿಟಕಿಯ ಬಳಿ ಕನ್ನಡಕ ಹಾಕಿಕೊಂಡು ಅಂಗಿಯೊಂದನ್ನು ತೊಡೆಯ ಮೇಲೆ ಹರಡಿಕೊಂಡಿದ್ದಳು. ಕಿಟಕಿಯ ಕಟ್ಟೆಯ ಮೇಲೆ ಟಾನಿಕ್ಕಿನ ಬಾಟಲಿ, ತೊಳೆದು ಬೋರಲು ಹಾಕಿತ್ತು.

"ಇದೇನೋ ಈ ಹೊತ್ತಿನಲ್ಲಿ? ಯಾಕೋ ಹೀಗೆ ಬೆವರ್ತಾ ಇದ್ದೀಯ?"

"ಅಕ್ಕಾ, ಔಷಧಿ... ಕುಡಿದ್ಯಾ?"

"ಕುಡಿದೆ. ಇವತ್ತು ಬೇಗ ಊಟ ಆಯ್ತು. ಹತ್ತು ನಿಮಿಷ ಆಯ್ತೇನೋ."

ಅವನು ಬಾಟಲಿಯನ್ನೆತ್ತಿ ಬೆಳಕಿಗೆ ಹಿಡಿದ. "ತಳದಲ್ಲಿ... ಏನಾದ್ರೂ ಉಳಿದಿತ್ತಾ?"

"ಒಂದು ಹನಿ ಬಿಟ್ಟಿಲ್ಲ ಕಣೋ! ನೀನು ಕಷ್ಟಪಟ್ಟು ಮಾಡಿಕೊಟ್ಟಿದ್ದು. ನೀರು ಹಾಕಿ ಕಲಕಿ ಅದನ್ನೂ ಕುಡಿದುಬಿಟ್ಟೆ." ಅಕ್ಕ ಹೆಮ್ಮೆಯಿಂದ ಬಾಟಲಿಯತ್ತ ನೋಡಿದಳು.

ಅಯ್ಯೋ, ಅದಕ್ಕಿಂತ ಕೆಟ್ಟ ಮಾತು ಅವನು ಜನ್ಮದಲ್ಲಿ ಕೇಳಿರಲಿಲ್ಲ. ಅವಳನ್ನು ಹೆದರಿಸುವಂತಿಲ್ಲ, ಹೆದರಿದರೆ ಮೈ ಸೆಟೆಯಲು ಅದೇ ಸಾಕು. ಅಡುಗೆಮನೆಗೆ ಹೋಗಿ ಲೋಟದಲ್ಲಿ ಇದ್ದಿಲು ಕದಡಿದ. ಅವಸರದಲ್ಲಿ ಅರ್ಧ ಪುಡಿ ನೆಲಕ್ಕೆ ಹೋಯಿತು.

"ಇದನ್ನ ಕುಡಿ ಅಕ್ಕಾ. ಜೀರ್ಣಕ್ಕೆ ಒಳ್ಳೇದು."

"ನನ್ನ ಜೀರ್ಣಕ್ಕೇನು ಧಾಡಿ? ಇದೇನೋ ಇಷ್ಟು ಕರ್ರಗಿದೆ! ನಾನೊಲ್ಲೆ."

"ಕುಡೀ ಅಕ್ಕಾ, ದಮ್ಮಯ್ಯ."

ಅಕ್ಕ ಆಕಳಿಸಿದಳು. ಅವನು ಅವಳ ದವಡೆಯನ್ನೇ ನೋಡಿದ. ಬಾಯಿ ಮುಚ್ಚಿತೋ ಇಲ್ಲವೋ, ಸ್ವಲ್ಪ ಬಿಗಿಯಿತೋ? ಅಷ್ಟರಲ್ಲಿ ಕೆಳಗಿನ ಮನೆಯ ಬಾಗಿಲು ಗಾಳಿಗೆ ಧಡಾರೆಂದು ಹಾಕಿಕೊಂಡಿತು. ಅಕ್ಕ ಬೆಚ್ಚಿಬಿದ್ದಳು. ಬೆಚ್ಚಿದ್ದು ಅಷ್ಟೇ, ಯಾರಾದರೂ ಬೆಚ್ಚುತ್ತಾರೆ. ಆದರೆ ಕಾಂಪೌಂಡರು ಅಲ್ಲಿಗೆ ಮುಗಿಯಿತೆಂದುಕೊಂಡು ಅವಳ ಮಂಡಿಯ ಮುಂದೆ ಕುಸಿದ.

"ನಾನು ನಿಂಗೆ ವಿಷ ಕೊಟ್ಟಿದ್ದೀನಿ ಅಕ್ಕಾ," ಅಂದ. ಎಲ್ಲವನ್ನೂ ಹೇಳಿದ. ಹೊಸ ಉಪ್ಪು, ತಳದ ಹರಳು, ಊರವರಿಗೆಲ್ಲ ಅಂಟಿಸುವ ಕೆಂಪು ಚೀಟಿ, ಅವಳ ಬಾಟಲಿಗೆ ಮಾತ್ರ ಅಂಟಿಸದೇ ಹೋದದ್ದು. ಮಧ್ಯೆ ಮಧ್ಯೆ ಮಗುವಿನ ಹಾಗೆ ಬಿಕ್ಕಿದ.

ಅಕ್ಕ ಕನ್ನಡಕ ತೆಗೆದಳು. ಅವಳ ಮುಖದಲ್ಲಿ ಬಣ್ಣ ಉಳಿದಿರಲಿಲ್ಲ.

"ಏಳೋ ಮೇಲೆ. ನಾನು ಕುಡಿದಿಲ್ಲ."

"ನನ್ನ ಸಮಾಧಾನಕ್ಕೆ ಹೇಳ್ಬೇಡ."

"ಆಣೆಗೂ ಕುಡಿದಿಲ್ಲ. ಬಚ್ಚಲಿಗೆ ಸುರಿದೆ. ದಿನಾ ಒಂದು ಗುಟುಕು ಸುರೀತೀನಿ, ಲೆಕ್ಕ ತಪ್ಪದ ಹಾಗೆ."

ಅವನು ನಂಬಲಿಲ್ಲ. ಹೇಗೆ ನಂಬುತ್ತಾನೆ? ಸಾಯುವಾಗಲೂ ತಮ್ಮನ ತಲೆ ನೇವರಿಸುವ ಹೆಂಗಸು ಅವಳು. ಇನ್ನೊಂದು ಗಳಿಗೆ ಹೋದರೆ ದವಡೆ ಬಿಗಿಯುತ್ತದೆ ಎಂದು ಲೋಟವನ್ನು ಮತ್ತೆ ಅವಳ ಮುಂದೆ ಹಿಡಿದ. ಲೋಟ ಅವಳ ಹಲ್ಲಿಗೆ ಕಟಕಟ ಬಡಿಯಿತು. ಅಕ್ಕ ಅದನ್ನು ಕಿತ್ತುಕೊಂಡಳು. ತನಗೆ ಬೇಡವೇ ಬೇಡದ ಆ ಕರೀ ನೀರನ್ನು, ಅವನ ಮುಖ ನೋಡಲಾಗದೆ, ಗಟಗಟನೆ ಕುಡಿದು ಲೋಟ ಕೆಳಗಿಟ್ಟಳು. ತುಟಿ, ಹಲ್ಲು ಎಲ್ಲ ಮಸಿಯಾಗಿತ್ತು.

"ಆಯ್ತಾ? ಈಗಲಾದ್ರೂ ಕುರ್ಚಿ ಮೇಲೆ ಕೂತ್ಕೋ."

ಕೂತ. ಗಡಿಯಾರ ನೋಡಿದ, ಅಕ್ಕನ ಕತ್ತು ನೋಡಿದ. ಒಂದು ಗಂಟೆ ಹೊಡೆಯಿತು. ಒಂದೂಕಾಲಾಯಿತು. ಡಾಕ್ಟರು ಏದುಸಿರು ಬಿಡುತ್ತಾ ಬಂದರು, ನಾಡಿ ಹಿಡಿದರು, ಕಣ್ಣು ನೋಡಿದರು, ಮಂಡಿಗೆ ತಟ್ಟಿದರು. ಅಕ್ಕ ಹೇಳಿದಂತೆ ಬಚ್ಚಲಿಗೆ ಹೋಗಿ ಬಗ್ಗಿ ನೋಡಿದರೆ ಜಾಲರಿಯ ಅಂಚಿನಲ್ಲಿ ಬಿಳಿ ಹರಳು ಹಾಗೇ ಅಂಟಿತ್ತು. "ಎಲ್ಲ ಇಲ್ಲೇ ಇದೆ ಮಾರಾಯ," ಎಂದು ಒಂದು ಚೊಂಬು ನೀರು ಸುರಿದು, ಕಾಂಪೌಂಡರನ ಮುಖವನ್ನು ಒಂದು ಸಲ ನೋಡಿ, ಬೈಯುವುದನ್ನು ನಾಳೆಗೆ ಇಟ್ಟುಕೊಂಡು ಇಳಿದು ಹೋದರು.

ಆಗ ಅವನಿಗೆ ಉಸಿರು ಬಂತು. ಉಸಿರಿನ ಹಿಂದೆಯೇ ಸಿಟ್ಟೂ ಬಂತು.

"ಎಷ್ಟು ದಿನದಿಂದ ಸುರೀತಿದ್ದೀಯ?"

"ಮೊದಲನೇ ಬಾಟಲಿಯಿಂದ. ಅಬ್ಬಾ, ಆ ಕಹಿ ಗಂಟಲಲ್ಲಿ ಇಳಿಯಲ್ಲ ಕಣೋ."

"ನಾಲ್ಕು ವರ್ಷ! ಬೇಡ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?"

ಅಕ್ಕ ಸೆರಗಿನಿಂದ ತುಟಿಯ ಮಸಿ ಒರೆಸಿಕೊಂಡಳು. ಅವನ ಕಡೆ ನೋಡದೆ ಅಂಗಿಯನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು.

"ಭಯ ಆಗ್ತಿತ್ತು," ಅಂದಳು. "ಸೋಮವಾರ ಸೋಮವಾರ ಬಾಟಲಿ ಕೊಡೋಕಂತ ಆದ್ರೂ ನೀನು ಬಾಗಿಲ ತನಕ ಬರ್ತಿದ್ದೆ. ಬಾಟಲಿ ಬೇಡ ಅಂದ್ರೆ ಅದೂ ಇಲ್ಲ."

ಕಾಂಪೌಂಡರು ತಾನು ಕೂತ ಕುರ್ಚಿಯನ್ನು ನೋಡಿದ. ಈ ಮನೆಯಲ್ಲಿ ಕೊನೆಯ ಸಲ ಕೂತದ್ದು ಯಾವಾಗ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.